ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ

ಅಕ್ಕನ ಮನೆ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಮಾನ್ಯ ಪ್ರಭಾರ ರಾಯಭಾರಿಗಳಿಗೆ,

ಹತ್ತೊಂಬತ್ತು ವರ್ಷ ‘ರೀ’ ಎಂದು ಕರೆದು ಸಾಕಾಗಿದೆ. ನಿಮ್ಮ ಕಾಗದ ಓದಿದ ಮೇಲೆ, ಇನ್ನು ಹುದ್ದೆ ಹಿಡಿದು ಕರೆಯುವುದೇ ಸರಿ ಅನ್ನಿಸಿತು. ಅದು ಹೆಂಡತಿಗೆ ಬರೆದ ಕಾಗದವೋ ಕಚೇರಿಯ ಸುತ್ತೋಲೆಯೋ? ಮೂರೇ ಪ್ಯಾರಾ, ಒಂದೊಂದಕ್ಕೂ ಒಂದು ನಂಬರು. ಒಂದನೆಯದರಲ್ಲಿ ನನ್ನ ಆರೋಗ್ಯ ಸುಧಾರಿಸುತ್ತಿದೆಯೆಂದು ಭಾವಿಸಿದ್ದೀರಿ. ಎರಡನೆಯದರಲ್ಲಿ, ನನ್ನ ಜೊತೆ ವಿಮಾನದಲ್ಲಿ ಬಂದ ನರ್ಸಮ್ಮನ ಪರವಾನಗಿ ಇಪ್ಪತ್ತನೇ ತಾರೀಖಿಗೆ ಮುಗಿಯುತ್ತದೆ, ಅವಳು ಯಾವತ್ತು ಹಿಂದಿರುಗುತ್ತಾಳೆಂದು ಅಲ್ಲಿನ ಅಧಿಕಾರಿಗಳು ತಿಳಿಯಬಯಸಿದ್ದಾರೆ ಎಂದಿದ್ದೀರಿ. ಮೂರನೆಯದರಲ್ಲಿ ನನ್ನ ಟೀಚರ್ ವಿಷಯ. ಎರಡು ವರ್ಷ ವಾರಕ್ಕೆ ಮೂರು ದಿನ ನಮ್ಮ ಮನೆಗೆ ಬಂದು ನನಗೆ ಆ ದೇಶದ ಭಾಷೆ ಕಲಿಸಿದವಳನ್ನು ನೀವು ‘ಸದರಿ ಮಹಿಳೆ’ ಎಂದಿದ್ದೀರಿ. ಸದರಿ ಮಹಿಳೆ ನಾಪತ್ತೆಯಾಗಿದ್ದಾಳಂತೆ. ಸರ್ಕಾರ ಬದಲಾದ ದಿನದಿಂದ ಅವಳು ನಿಮ್ಮ ಮನೆಯೊಳಗೆ ಕಾಲಿಟ್ಟಿಲ್ಲವೆಂದು ನೀವು ಬರೆದುಕೊಟ್ಟಿದ್ದೀರಂತೆ. ನನಗೇನಾದರೂ ತಿಳಿದಿದ್ದರೆ ತಿಳಿಸಬೇಕಂತೆ.

ಕೊನೆಗೆ ಪೂರ್ತಿ ಸಹಿ, ಸಹಿಯ ಕೆಳಗೆ ಹುದ್ದೆ. ಲಕೋಟೆಯ ಬಾಯಿಗೆ ಎರಡು ಪದರ ಅಂಟು. ಒಂದು ಹನಿ ಮೇಜಿನ ಮೇಲೆ ಬಿದ್ದರೆ ಮೂರು ಸಲ ಒರೆಸುವ ಮನುಷ್ಯ, ಹೆಂಡತಿಗೆ ಕಾಗದ ಅಂಟಿಸುವಾಗ ಮಾತ್ರ ಅಂಟು ಸುರಿಸಿಬಿಟ್ಟಿದ್ದೀರಿ. ಅಷ್ಟು ಭದ್ರ ಮಾಡಿ ಕಳಿಸುವಂಥ ಪ್ರೀತಿಯ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಕಾಗದ ಬಂದ ದಿನವೇ ಪೇಪರಿನಲ್ಲಿ ನಿಮ್ಮ ಫೋಟೋ ಬಂತು. ನಮ್ಮ ರಾಜಧಾನಿ ಕೊನೆಗೂ, ಅಲ್ಲಿ ಅಧಿಕಾರ ಕಿತ್ತುಕೊಂಡ ಜನರಲ್‌ಗೆ ಅಭಿನಂದನೆ ಕಳಿಸಿದೆ. ಅದನ್ನು ಕೈಯಾರೆ ಕೊಟ್ಟವರು ನೀವು. ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡು, ಹಲ್ಲು ಕಿರಿದುಕೊಂಡು ನಿಂತಿದ್ದೀರಿ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಂದಾದರೂ ಪಟದಲ್ಲಿ ಅಷ್ಟು ಹಲ್ಲು ಕಾಣಿಸುತ್ತದೇನೋ ಎಂದು ಅಕ್ಕ ಹುಡುಕಿದಳು. ಇಲ್ಲ. ಪಟ ನೋಡಿ ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ಆರುವುದಕ್ಕೆ ಮುಂಚೆ ಬರೆದು ಮುಗಿಸಬೇಕೆಂದು ಬೆಳಿಗ್ಗೆ ತಿಂಡಿಯನ್ನೂ ತಿಂದಿಲ್ಲ.

ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ, ಆದರೆ ನಿಮ್ಮ ನಂಬರಿನ ಪ್ರಕಾರ ಅಲ್ಲ.

ಆ ಶುಕ್ರವಾರ ಬೆಳಿಗ್ಗೆ ನೆನಪು ಮಾಡಿಕೊಳ್ಳಿ. ರಾಯಭಾರಿಗಳು ರಜೆಯ ಮೇಲೆ ಊರಿಗೆ ಹೋಗಿ, ಎರಡನೆಯವರಾದ ನಿಮ್ಮ ತಲೆಗೆ ಎಲ್ಲ ಬಂದು ಒಂಬತ್ತು ದಿನವಾಗಿತ್ತು. ನಾವು ತಿಂಡಿಗೆ ಕೂತಿದ್ದೆವು. ರೇಡಿಯೋದಲ್ಲಿ ಅಧ್ಯಕ್ಷರ ಸಂದೇಶ ಬಂತು, ನಾನು ರಾಜೀನಾಮೆ ಕೊಟ್ಟಿಲ್ಲ, ಸೈನ್ಯ ನನ್ನ ಮನೆ ಸುತ್ತುವರಿದಿದೆ ಎಂದು. ಓದುತ್ತಿದ್ದ ಹೆಣ್ಣುಧ್ವನಿ ಯಾವುದೆಂದು ಎರಡನೇ ವಾಕ್ಯಕ್ಕೇ ನನಗೆ ತಿಳಿಯಿತು. ಟೀಚರ್ ರೇಡಿಯೋ ಕಚೇರಿಯಲ್ಲಿ ಸುದ್ದಿ ಬರೆದುಕೊಡುವ ಕೆಲಸವನ್ನೂ ಮಾಡುತ್ತಿದ್ದಳಲ್ಲ. ಅವತ್ತು ಓದುವವರೆಲ್ಲ ಹೆದರಿ ಮನೆಯಲ್ಲೇ ಉಳಿದಿದ್ದರಿಂದ, ಬರೆದವಳೇ ಮೈಕಿನ ಮುಂದೆ ಕೂತಿದ್ದಳು. ಹೆಸರು ಹೇಳಲಿಲ್ಲ. ನಾಲ್ಕು ನಿಮಿಷ ಓದಿದಳು, ಒಂದು ವಾಕ್ಯದ ನಡುವೆ ಧ್ವನಿ ಕಡಿದು ಬ್ಯಾಂಡಿನ ಸಂಗೀತ ಶುರುವಾಯಿತು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಅಯ್ಯೋ ಇದು ನಮ್ಮ ಟೀಚರ್ ಅಂದೆ. ನೀವು ರೇಡಿಯೋ ಸಣ್ಣದು ಮಾಡು ಅಂದಿರಿ.

ಆಮೇಲೆ ಎದ್ದು ಹೋಗಿ ನೀವು ಮಾಡಿದ ಮೊದಲ ಕೆಲಸ, ನಡುಮನೆಯ ಗೋಡೆಯಿಂದ ಅಧ್ಯಕ್ಷರ ಜೊತೆ ನೀವಿದ್ದ ಪಟ ಇಳಿಸಿದ್ದು. ಎಸೆಯಲಿಲ್ಲ. ಬೀರುವಿನಲ್ಲಿ ಚಳಿಗಾಲದ ಕಂಬಳಿಗಳ ಕೆಳಗೆ ಇಟ್ಟಿರಿ. ಅವರು ಮತ್ತೆ ಬಂದರೆ ಬೇಕಾಗುತ್ತದಲ್ಲ! ಗೋಡೆಯಲ್ಲಿ ಉಳಿದ ಬಿಳಿ ಚೌಕಕ್ಕೆ ಕ್ಯಾಲೆಂಡರ್ ತೂಗುಹಾಕಿದಿರಿ.

ನಮ್ಮ ರಾಜಧಾನಿಯಿಂದ ಬಂದ ತಂತಿಯಲ್ಲಿ ಎರಡೇ ಪದ ಇತ್ತು, ವಿವೇಚನೆ ಬಳಸಿ. ಅದರ ಅರ್ಥ ನೀವೇ ನನಗೆ ಬಿಡಿಸಿ ಹೇಳಿದಿರಿ. ಒಳ್ಳೆಯದಾದರೆ ಇಲಾಖೆಗೆ ಹೆಸರು, ಕೆಟ್ಟರೆ ನಿಮ್ಮ ಕುತ್ತಿಗೆ. ಹಾಗಾಗಿ ಇಡೀ ದಿನ ಕೂತು ಒಂದು ವಾಕ್ಯ ಬರೆದಿರಿ. ‘ಕ್ರಾಂತಿ’ ಅನ್ನಬಾರದು, ‘ಬದಲಾವಣೆ’ ಅನ್ನಬಾರದು, ‘ಕಳವಳ’ ಅಂದರೆ ಜಾಸ್ತಿ. ಸಂಜೆಯ ಹೊತ್ತಿಗೆ ಹೊರಬಂದದ್ದು: ಬೆಳವಣಿಗೆಗಳನ್ನು ನಾವು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ. ಅದನ್ನು ನನಗೆ ಓದಿ ಹೇಳಿ ಹೇಗಿದೆ ಎಂದು ಕೇಳಿದಿರಿ. ನನಗೆ ನಗು ಬಂತು. ನಿಮ್ಮ ಜೊತೆ ಇನ್ನು ಬಾಳಲಾರೆ, ಈ ವರ್ಷ ಮುಗಿದ ಮೇಲೆ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಅದಕ್ಕೆ ಎರಡು ತಿಂಗಳ ಮೊದಲೇ ನಾನು ಹೇಳಿದ್ದೆ. ಆಗಲೂ ನೀವು ಸೂಕ್ಷ್ಮವಾಗಿ ಗಮನಿಸಿ ಸುಮ್ಮನಾಗಿದ್ದಿರಿ.

ಉಳಿದ ದೂತಾವಾಸಗಳೂ ನಿಮಗಿಂತ ಕಡಿಮೆಯೇನಿರಲಿಲ್ಲ. ಒಬ್ಬರು ಗೇಟಿಗೆ ಬಣ್ಣ ಹೊಡೆಸುವ ನೆಪದಲ್ಲಿ ಬಾಗಿಲು ಹಾಕಿಕೊಂಡರು, ಆ ಗೇಟಿಗೆ ವಾರದಲ್ಲಿ ಮೂರು ಬಣ್ಣ ಆಯಿತು. ಇನ್ನೊಬ್ಬರು ಮೀನು ಹಿಡಿಯಲು ಹೋದವರು ಪತ್ತೆಯೇ ಇಲ್ಲ. ಮತ್ತೊಬ್ಬರು ಮೊದಲ ಗಂಟೆಯಲ್ಲೇ ಅಭಿನಂದನೆ ಕಳಿಸಿ, ಆಮೇಲೆ ಜನರಲ್‌ನ ಹೆಸರು ತಪ್ಪಾಗಿದೆಯೆಂದು ಇನ್ನೊಂದು ಕಳಿಸಿದರು. ಅಷ್ಟರಲ್ಲಿ ಜನರಲ್ ಎಲ್ಲರನ್ನೂ ಸೋಮವಾರ ಚಹಾಕ್ಕೆ ಕರೆದ. ಹೋದರೆ ಅವನನ್ನು ಒಪ್ಪಿಕೊಂಡ ಹಾಗೆ, ಹೋಗದಿದ್ದರೆ ಅವಮಾನ ಮಾಡಿದ ಹಾಗೆ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನಿಮ್ಮದು ಎತ್ತಿದ ಕೈ, ಆದರೆ ಚಹಾಕೂಟದಲ್ಲಿ ಅರ್ಧ ಕೂತು ಅರ್ಧ ನಿಲ್ಲಲಾಗುವುದಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದೆ. ನೀವು ಬಂದು ಕೈಯಿಂದ ತಂಬಿಗೆ ತೆಗೆದುಕೊಂಡಿರಿ. ಪರದೆ ಎಳೆದು, ನಿನಗೆ ಹುಷಾರಿಲ್ಲ, ಮಲಗು ಅಂದಿರಿ. ಪತ್ನಿಯ ಸ್ಥಿತಿ ಗಂಭೀರ, ಹಾಸಿಗೆಯ ಪಕ್ಕ ಬಿಟ್ಟು ಬರಲಾಗದು ಎಂಬ ಪತ್ರ ಅಷ್ಟರಲ್ಲಾಗಲೇ ಜನರಲ್‌ಗೆ ಹೋಗಿತ್ತು. ನನ್ನನ್ನು ಒಂದು ಮಾತು ಕೇಳಿದಿರಾ? ಗಂಡನ ಜೊತೆ ಇರಲಾರೆ ಅಂದ ಹೆಂಡತಿಯನ್ನು ನೀವು ಬಳಸಿಕೊಂಡದ್ದು ಹೀಗೆ. ಹೊರಡುತ್ತೇನೆ ಅಂದಾಗ ಬೇಡವಾದವಳು, ಸಾಯುವ ನೆಪಕ್ಕೆ ಬೇಕಾದಳು.

ಮಲಗಿದೆ. ಯಾಕೆ ಮಲಗಿದೆನೋ ಇವತ್ತಿಗೂ ಗೊತ್ತಿಲ್ಲ, ಹತ್ತೊಂಬತ್ತು ವರ್ಷದ ಅಭ್ಯಾಸ ಇರಬೇಕು. ಗುಂಡುಕಲ್ಲಿನಂತಿದ್ದ ನನಗೆ ಹದಿಮೂರು ದೂತಾವಾಸಗಳಿಂದ ಹೂವು ಬಂತು. ಮಂಗಳವಾರ ಶಿಷ್ಟಾಚಾರ ವಿಭಾಗದ ಆ ಬಿಳಿ ಕೈಗವಸಿನವನು, ಜನರಲ್‌ನ ಕಾಳಜಿಯ ಗುರುತೆಂದು ಒಬ್ಬ ಮಿಲಿಟರಿ ಡಾಕ್ಟರನ್ನು ಕರೆತಂದ. ನಿಮ್ಮ ಮುಖ ಸುಣ್ಣದ ಹಾಗಾಯಿತು. ಡಾಕ್ಟರು ನನ್ನ ನಾಡಿ ಹಿಡಿದು, ತುಂಬಾ ಜೋರಾಗಿದೆ ಎಂದು ಬರೆದುಕೊಂಡರು. ಜೋರಾಗಿರದೆ ಏನು? ನೀವು ಮಂಚದ ಪಕ್ಕ ನಿಂತು ನನ್ನ ಹಣೆಗೆ ಒದ್ದೆಬಟ್ಟೆ ಒತ್ತುತ್ತಿದ್ದಿರಿ. ನನಗೆ ನಿಜವಾಗಿ ಜ್ವರ ಬಂದಾಗ ಒಂದು ದಿನವೂ ಒತ್ತದ ಬಟ್ಟೆ! ಆ ಸಿಟ್ಟೇ ನಿಮ್ಮ ಮಾನ ಉಳಿಸಿತು. ಅವತ್ತಿನಿಂದ ಕೈಗವಸಿನವನ ಕಾರು ಬೀದಿಯ ಆಚೆ ಬದಿಯಲ್ಲಿ ನಿಂತೇ ಇತ್ತು.

ಈಗ ಟೀಚರ್ ವಿಷಯಕ್ಕೆ ಬರುತ್ತೇನೆ. ಅವಳು ಸೋಮವಾರ ಬಂದಳು. ಮಂಗಳವಾರ ಬಂದಳು. ಬುಧವಾರ ಬಂದಳು. ರೇಡಿಯೋದಲ್ಲಿ ಓದಿದ ಹೆಂಗಸು ಯಾರೆಂದು ಆಗ ಸೈನ್ಯದವರಿಗೆ ಗೊತ್ತಿರಲಿಲ್ಲ, ಆದರೆ ಮನೆಮನೆ ವಿಚಾರಿಸುತ್ತಿದ್ದರು. ಇನ್ನೆರಡು ದಿನದಲ್ಲಿ ತನ್ನ ಬಾಗಿಲಿಗೆ ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಅವಳನ್ನು ಕೊಲ್ಲುತ್ತಿದ್ದರು, ಅದು ನಿಮಗೂ ಗೊತ್ತಿತ್ತು. ಹುಷಾರಿಲ್ಲದ ಗೆಳತಿಯನ್ನು ನೋಡಿಹೋಗುತ್ತೇನೆ ಎಂಬ ನೆಪದಲ್ಲಿ ಆಸರೆ ಕೇಳಲು ಬಂದವಳು ಅವಳು. ನೀವು ಮೂರು ದಿನವೂ ಗೇಟಿನ ತನಕ ಖುದ್ದಾಗಿ ಹೋದಿರಿ. ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತದೆ, ರೋಗಿಯನ್ನು ನೋಡಲು ಯಾರಿಗೂ ಅವಕಾಶವಿಲ್ಲ ಎಂದು ಮೂರು ದಿನವೂ ಒಂದೇ ಮಾತು, ಒಂದೇ ಧ್ವನಿ. ಬುಧವಾರ ಅವಳು ಐದೇ ನಿಮಿಷ ಎಂದು ಕೇಳಿಕೊಂಡಳು. ನೀವು ಬೆನ್ನು ತಿರುಗಿಸಿದ ಚಪ್ಪಲಿಯ ಸದ್ದು ನನ್ನ ಕೋಣೆಯವರೆಗೆ ಬಂತು.

ಹೌದು, ನನಗೆ ಕೇಳಿಸಿತು. ನನ್ನ ಮಂಚದಿಂದ ಕಿಟಕಿಗೆ ಆರು ಹೆಜ್ಜೆ. ಎದ್ದು ಪರದೆ ಸರಿಸಿ, ಅವಳನ್ನು ಒಳಗೆ ಬಿಡಿ ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಕಾರಿನಲ್ಲಿದ್ದವನು ನೋಡಿಬಿಟ್ಟರೆ ನಿಮ್ಮ ಸುಳ್ಳು ಬಯಲಾಗುತ್ತದೆ, ನಿಮ್ಮ ಕುತ್ತಿಗೆಗೆ ಬರುತ್ತದೆ ಎಂದು ಹೊದಿಕೆ ಎಳೆದುಕೊಂಡು ಬಿದ್ದುಕೊಂಡಿದ್ದೆ. ನಿಮ್ಮ ಮೇಲಿನ ಸಿಟ್ಟಿಗಿಂತ ಆ ಆರು ಹೆಜ್ಜೆಯ ಸಿಟ್ಟೇ ನನಗೆ ಹೆಚ್ಚು. ಅದನ್ನೂ ನಿಮ್ಮ ತಲೆಗೇ ಕಟ್ಟುತ್ತಿದ್ದೇನೆ, ಹೊತ್ತುಕೊಳ್ಳಿ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ನಿಮ್ಮ ಕಚೇರಿಯ ಟೈಪಿಸ್ಟಮ್ಮ ಬುಧವಾರ ಸಂಜೆ ನನ್ನ ಕ್ಷೇಮ ಕೇಳಲು ಬಂದಿದ್ದಳು. ಗೇಟಿನಿಂದ ಅಳುತ್ತಾ ಹೋದವಳನ್ನು ಹಿಂಬಾಲಿಸಿ ತನ್ನ ಮನೆಗೆ ಕರೆದೊಯ್ದವಳು ಅವಳೇ. ಅವಳಿಗಿರುವ ಎದೆಗಾರಿಕೆಯಲ್ಲಿ ಕಾಲುಭಾಗ ನಿಮಗಿದ್ದಿದ್ದರೆ ನಾನು ಅಕ್ಕನ ಮನೆಯ ಮಾತೇ ಎತ್ತುತ್ತಿರಲಿಲ್ಲ. ಮರುದಿನ ನಾನು ನಿಮಗೆ ಏನಂದೆ, ನೆನಪಿದೆಯೇ? ಇಷ್ಟು ಗಂಭೀರ ರೋಗಿಯ ಪಕ್ಕ ಒಬ್ಬ ನರ್ಸ್ ಇಲ್ಲದಿದ್ದರೆ ಆ ಡಾಕ್ಟರಿಗೆ ಅನುಮಾನ ಬರುತ್ತದೆ ಅಂದೆ. ಟೈಪಿಸ್ಟಮ್ಮನಿಗೆ ಹೇಳಿ ಯಾರನ್ನಾದರೂ ಗೊತ್ತುಮಾಡಿಕೋ ಅಂದಿರಿ.

ಶುಕ್ರವಾರ ನರ್ಸಮ್ಮ ಬಂದಳು. ಬಿಳಿ ಉಡುಪು, ಟೋಪಿ, ಮೂಗು ಬಾಯಿ ಮುಚ್ಚಿದ ಬಟ್ಟೆ. ಗಂಟಲು ಕಟ್ಟಿದೆ, ಮಾತಾಡಲಾಗುವುದಿಲ್ಲ ಎಂದು ಟೈಪಿಸ್ಟಮ್ಮ ನಿಮಗೆ ಹೇಳಿದಳು.

ಇನ್ನೂ ಹೊಳೆಯಲಿಲ್ಲವೇ, ಪ್ರಭಾರ ರಾಯಭಾರಿಗಳೇ? ನಾಲ್ಕು ದಿನ ಅವಳು ನಿಮ್ಮ ಮುಂದೆಯೇ ತಟ್ಟೆ ಹಿಡಿದು ಓಡಾಡಿದಳು. ಮೆಟ್ಟಿಲ ಮೇಲೆ ಎರಡು ಸಲ ಎದುರಾದಳು. ಒಮ್ಮೆ ನೀವು ಅವಳಿಗೆ ಬಾಗಿಲು ಹಾಕಿಕೊಂಡು ಹೋಗು ಅಂದಿರಿ. ಎರಡು ವರ್ಷ ನಿಮ್ಮ ಊಟದ ಮೇಜಿನಲ್ಲೇ ಪುಸ್ತಕ ಬಿಡಿಸಿ ಕೂತವಳನ್ನು ಕಣ್ಣು ಹಣೆ ನೋಡಿ ಗುರುತಿಸಲಾಗಲಿಲ್ಲ ನಿಮಗೆ. ನೋಡಿದ್ದರೆ ತಾನೇ? ಸೂಕ್ಷ್ಮವಾಗಿ ಗಮನಿಸುವವರು!

ಡಾಕ್ಟರು ಎರಡನೇ ಸಲ ಬಂದಾಗ ನನ್ನ ನಾಡಿ ಇನ್ನೂ ಜೋರಾಗಿತ್ತು. ಊರಿಗೆ ಕಳಿಸುವುದೇ ಒಳ್ಳೆಯದು, ವಿಮಾನಕ್ಕೆ ನಾವೇ ಪರವಾನಗಿ ಕೊಡುತ್ತೇವೆ ಎಂದು ಕೈಗವಸಿನವನು ಉದಾರವಾಗಿ ಹೇಳಿದ. ರೋಗಿಗೆ ಒಬ್ಬ ಸಹಾಯಕಿಗೂ ಅವಕಾಶ. ಆ ಸಹಾಯಕಿಯ ಫಾರಂಗೆ ನೀವು ಸಹಿ ಹಾಕಿದಿರಿ. ಧೋಬಿಯ ಪಟ್ಟಿಯನ್ನೂ ಎರಡು ಸಲ ಓದಿ, ಓದಿದ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಚುಕ್ಕೆಯಿಡುವ ನೀವು. ನಮ್ಮ ಮದುವೆಯ ಆಹ್ವಾನಪತ್ರಿಕೆಯ ಕರಡಿಗೂ ಚುಕ್ಕೆಯಿಟ್ಟು ನಮ್ಮಪ್ಪನನ್ನು ದಂಗುಬಡಿಸಿದವರು ನೀವು. ಅಂಥವರು ಈ ಫಾರಂ ಅನ್ನು ಒಂದೇ ನಿಮಿಷದಲ್ಲಿ ಟೈಪಿಸ್ಟಮ್ಮನ ಕೈಗೆ ವಾಪಸು ಕೊಟ್ಟಿರಿ. ನನ್ನನ್ನು ಸಾಗಹಾಕುವ ಅವಸರ ಅಷ್ಟಿತ್ತು ನಿಮಗೆ.

ವಿಮಾನ ನಿಲ್ದಾಣದಲ್ಲಿ ನಾನು ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಕೈಗೆ ಸೂಜಿಯಿಲ್ಲದೆ ಬರೀ ಪ್ಲಾಸ್ಟರಿನಿಂದ ಅಂಟಿಸಿದ ಗ್ಲೂಕೋಸಿನ ನಳಿಗೆ, ಅದರ ಬಾಟಲಿ ಎತ್ತಿ ಹಿಡಿದು ಪಕ್ಕದಲ್ಲಿ ಅವಳು. ಆಗ ನೀವು ಯಾರ ಮೇಲೋ ಕಿರುಚಿದಿರಿ. ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಧ್ವನಿ ಏರಿದ್ದು ನಾನು ಅದೊಂದೇ ಸಲ ಕೇಳಿದ್ದು. ಇದೇನು ಸೌಜನ್ಯವೇ, ರೋಗಿ ಸಾಯುತ್ತಿದ್ದಾಳೆ, ನನ್ನನ್ನು ಯಾರೆಂದುಕೊಂಡಿದ್ದೀರಿ, ಜನರಲ್‌ಗೇ ಬರೆಯುತ್ತೇನೆ ಎಂದು ನಿಲ್ದಾಣವೆಲ್ಲ ಕೇಳುವ ಹಾಗೆ ಕೂಗಾಡಿದಿರಿ. ಹೆಂಡತಿಗಾಗಿ ಅಲ್ಲ, ಟೀಚರ್‌ಗಾಗಿ ಅಲ್ಲ, ನಿಮ್ಮ ಹುದ್ದೆಗೆ ಯಾರೋ ಮರ್ಯಾದೆ ಕೊಡಲಿಲ್ಲವೆಂದು. ಸ್ಟ್ರೆಚರ್ ಮೇಲೆ ಮಲಗಿಯೇ ನನಗೆ ನಾಚಿಕೆಯಾಯಿತು.

ವಿಮಾನ ಮೇಲೆದ್ದ ಮೇಲೆ ಅವಳು ಮುಖದ ಬಟ್ಟೆ ಬಿಚ್ಚಿದಳು. ಇಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಇಪ್ಪತ್ತೊಂದು ದಿನದಿಂದ ಅವಳು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದಾಳೆ. ಈಗ ನಾನು ಅವಳಿಗೆ ನಮ್ಮ ಭಾಷೆ ಕಲಿಸುತ್ತಿದ್ದೇನೆ.

ನಿಮ್ಮ ಮೂರೂ ಪ್ಯಾರಾಗಳಿಗೆ ಉತ್ತರ ಸಿಕ್ಕಿತಲ್ಲ? ನನ್ನ ಆರೋಗ್ಯ ಕಲ್ಲಿನಂತಿದೆ. ನರ್ಸಮ್ಮ ವಾಪಸು ಬರುವುದಿಲ್ಲ. ಸದರಿ ಮಹಿಳೆ ನಿಮ್ಮ ಮನೆಯೊಳಗೆ ಕಾಲಿಟ್ಟಿದ್ದಳು, ನೀವು ಬರೆದುಕೊಟ್ಟದ್ದು ಸುಳ್ಳು. ಇನ್ನು ಇದನ್ನು ಯಾರಿಗೆ ಹೇಗೆ ವಿವರಿಸುತ್ತೀರೋ, ವಿವೇಚನೆ ಬಳಸಿ.

ಇನ್ನು ಮುಂದೆ ನಿಮ್ಮವಳಲ್ಲದ,
ರೋಗಿ

ತಾ.ಕ.: ಮಧ್ಯಾಹ್ನ ಎರಡು ಗಂಟೆ. ಲಕೋಟೆ ಅಂಟಿಸುವ ಮುಂಚೆ, ಹೇಗೆ ಬೈದಿದ್ದೇನೆ ಕೇಳು ಎಂದು ಈ ಕಾಗದವನ್ನು ಟೀಚರ್‌ಗೆ ಓದಿ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನಿಮ್ಮ ಕಾಗದ ಬಂದ ಲಕೋಟೆ ಕೊಡು ಅಂದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದನ್ನು ಆವಿಯಲ್ಲಿ ಬಿಡಿಸಿ ಓದಿ ಮತ್ತೆ ಅಂಟಿಸಿದ್ದಾರೆ, ರೇಡಿಯೋ ಕಚೇರಿಗೆ ಬರುತ್ತಿದ್ದ ಕಾಗದಗಳೂ ಹೀಗೇ ಇರುತ್ತಿದ್ದವು ಅಂದಳು. ಎರಡನೇ ಪದರದ ಅಂಟು ನಿಮ್ಮದಲ್ಲ. ನಿಮ್ಮ ಕಾಗದ ಬರೆದದ್ದು ನನಗಲ್ಲ, ಅದನ್ನು ನಡುವೆ ಓದುವವನಿಗೆ.

ಆಮೇಲೆ ಅವಳು ನಿಲ್ದಾಣದ ವಿಷಯ ಹೇಳಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನನಗೆ ಕಾಣಿಸಿರಲಿಲ್ಲ. ಒಬ್ಬ ಅಧಿಕಾರಿ ಅವಳ ಮುಂದೆ ನಿಂತು ಮುಖದ ಬಟ್ಟೆ ತೆಗೆ ಎಂದು ಸನ್ನೆ ಮಾಡಿದನಂತೆ. ಅವಳ ಕೈ ಕಿವಿಯ ಹತ್ತಿರ ಹೋಗುವಷ್ಟರಲ್ಲಿ ನೀವು ಕಿರುಚಿದಿರಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ನಿನಗೆ ಗೊತ್ತಿದೆ ಅಂದುಕೊಂಡಿದ್ದೆ, ಗಂಡ ಹೆಂಡತಿ ಅಲ್ಲವೇ ಅಂದಳು.

ಅವಳ ಪರವಾನಗಿಯ ಫಾರಂ ನನ್ನ ಕೈಚೀಲದಲ್ಲೇ ಇತ್ತು, ಮಡಿಕೆ ಬಿಚ್ಚಿರಲಿಲ್ಲ. ಈಗ ಬಿಚ್ಚಿದೆ. ಹನ್ನೊಂದು ಸಾಲು, ಹನ್ನೊಂದು ಚುಕ್ಕೆ. ಹನ್ನೆರಡನೆಯದು ಅವಳ ಫೋಟೋದ ಕೆಳಗೆ.

ಅಂದರೆ ನಿಮಗೆಲ್ಲ ಗೊತ್ತಿತ್ತು. ಆ ಮೂರು ದಿನ ಗೇಟಿನಿಂದ ಯಾಕೆ ಕಳಿಸಿದಿರಿ ಎಂದರೆ ಬೀದಿಯಾಚೆಯ ಕಾರು ತೋರಿಸುತ್ತೀರೇನೋ. ಸೋಮವಾರ ಕಾರಿರಲಿಲ್ಲ. ಇನ್ನೇನೇ ಕಾರಣವಿದ್ದರೂ ಒಂದೇ ಮನೆಯಲ್ಲಿದ್ದ ನನಗೆ ಒಂದು ಮಾತು ಹೇಳಬಹುದಿತ್ತು. ಹೇಳದೆ ಕೆಟ್ಟವರಾಗುವುದೇ ನಿಮಗೆ ಸುಲಭ. ಆದ್ದರಿಂದ ಮೇಲಿನ ಬೈಗುಳಗಳಲ್ಲಿ ಒಂದನ್ನೂ ಹೊಡೆದುಹಾಕುವುದಿಲ್ಲ. ಆದರೆ ಈ ಕಾಗದ ಕಳಿಸಿದ್ದರೆ ನಿಮ್ಮನ್ನೂ ಆ ಟೈಪಿಸ್ಟಮ್ಮನನ್ನೂ ನನ್ನ ಕೈಯಾರೆ ಕೊಂದುಬಿಡುತ್ತಿದ್ದೆ. ಪಕ್ಕದಲ್ಲೇ ಇದ್ದ ಅಂಟಿನ ಬಾಟಲಿಗೆ ಮುಚ್ಚಳ ಹಾಕಿ ದೂರ ಸರಿಸಿದ್ದೇನೆ.

ಇದನ್ನು ಅಕ್ಕನ ಬೀರುವಿನಲ್ಲಿ ಕಂಬಳಿಗಳ ಕೆಳಗೆ ಇಡುತ್ತೇನೆ. ನೀವು ಜೀವಂತ ಬಂದ ದಿನ ಎದುರು ನಿಲ್ಲಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ. ಇವತ್ತು ಅಂಚೆಗೆ ಹೋಗುವುದು ಇಷ್ಟು:

‘ರೀ, ನಿಮ್ಮ ಕಾಗದ ತಲುಪಿತು.
ನನ್ನ ಆರೋಗ್ಯ ಸುಧಾರಿಸಿಲ್ಲ, ನರ್ಸಮ್ಮನನ್ನು ಸದ್ಯಕ್ಕೆ ಬಿಟ್ಟುಕೊಡುವಂತಿಲ್ಲ.
ಆ ಟೀಚರ್ ವಿಷಯ ನನಗೇನೂ ತಿಳಿಯದು. ನಾನು ಮಲಗಿದ್ದಾಗ ಅವಳು ಒಳಗೆ ಬಂದು ನೋಡಲೂ ಇಲ್ಲವೆಂದು ಬೇಸರವಿದೆ.
ಪರಿಸ್ಥಿತಿಯನ್ನು ಡಾಕ್ಟರು ಸೂಕ್ಷ್ಮವಾಗಿ ಗಮನಿಸುತ್ತಿದ್ದಾರೆ.’

ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಟ್ಟಿದ್ದೇನೆ.